ಕ್ಲಚ್ ಬಿಚ್ಚೋ ಮೊದಲು ಸೋರುತ್ತಿರೋ ಆಯಿಲ್ ಯಾವುದು ನೋಡಿ

ನಮ್ಮ ಹಳೇ ಟ್ರ್ಯಾಕ್ಟರಿನಲ್ಲಿ ನೇಗಿಲು ಮಣ್ಣಿಗೆ ಇಳಿದ ಕೂಡಲೇ ಇಂಜಿನ್ ಸುಮ್ನೆ ರೇಸ್ ಆಗುತ್ತಿತ್ತು, ಗಾಡಿ ಮುಂದೆ ಹೋಗುತ್ತಿರಲಿಲ್ಲ. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ ಮುಚ್ಚಿರೋ ಕವಚ, ಅಂದರೆ ಬೆಲ್ ಹೌಸಿಂಗಿನ ತಳದ ತೂತಿನಿಂದ ಆಯಿಲ್ ಬೇರೆ ತೊಟ್ಟಿಕ್ಕುತ್ತಿತ್ತು. ನೋಡಿದವರೆಲ್ಲ ಗಾಡಿ ಬಿಚ್ಚಿ ಅಂದರು. ಇಂಜಿನ್ ಒಂದು ಕಡೆ, ಗೇರ್‌ಬಾಕ್ಸ್ ಒಂದು ಕಡೆ ಮಾಡೋದು ಸಣ್ಣ ಕೆಲಸ ಅಲ್ಲ, ಹಾಗಾಗಿ ಹೊರಗಿನಿಂದ ಏನೇನು ತಿಳಿಯುತ್ತೋ ಅಷ್ಟನ್ನೂ ಮೊದಲು ನೋಡಿದೆ.

ಶುರು ಮಾಡಿದ್ದು ಕ್ಲಚ್ ಪೆಡಲಿನಿಂದ. ಕೈಯಲ್ಲಿ ಒತ್ತಿದರೆ ಬಿಗಿ ಸಿಗೋ ಮುಂಚೆ ಸ್ವಲ್ಪ ಆಟ ಇರಬೇಕು. ಎಷ್ಟೋ ಹಳೇ ಗಾಡಿಗಳಲ್ಲಿ ಇದು ಸುಮಾರು 25 ಮಿ.ಮೀ., ನಿಮ್ಮ ಗಾಡಿಯದು ಅದರ ಮ್ಯಾನ್ಯುಯಲ್ಲಿನಲ್ಲಿ ಇರುತ್ತೆ. ಆಟವೇ ಇಲ್ಲದಿದ್ದರೆ ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸೋ ರಿಲೀಸ್ ಬೇರಿಂಗ್ ಯಾವಾಗಲೂ ಒತ್ತಿಕೊಂಡೇ ಇದ್ದು ಕ್ಲಚ್ ಪ್ಲೇಟು ಜಾರುತ್ತೆ. ಪೆಡಲಿನ ರಾಡ್ ಅಡ್ಜಸ್ಟ್ ಮಾಡಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತೆ. ನಮ್ಮದರಲ್ಲಿ ಆಟ ಸರಿಯಾಗೇ ಇತ್ತು.

ಆಮೇಲೆ ಆಯಿಲ್. ತೂತಿನ ಹತ್ತಿರ ಬೆರಳು ಒಡ್ಡಿ ಒಂದು ಹನಿ ಹಿಡಿದು ಉಜ್ಜಿ ನೋಡಿ. ಕಪ್ಪಗೆ, ತೆಳ್ಳಗಿದ್ದರೆ ಇಂಜಿನ್ ಆಯಿಲ್, ಅನುಮಾನ ಕ್ರ್ಯಾಂಕಿನ (ಇಂಜಿನ್ನಿನ ಮುಖ್ಯ ಶಾಫ್ಟು) ಹಿಂದಿನ ಸೀಲಿನ ಮೇಲೆ. ಮಂದವಾಗಿ, ಗಂಧಕದಂಥ ಘಾಟು ವಾಸನೆ ಬಂದರೆ ಗೇರ್ ಆಯಿಲ್, ಆಗ ಕ್ಲಚ್‌ನಿಂದ ಗೇರ್‌ಬಾಕ್ಸಿಗೆ ಹೋಗೋ ಇನ್‌ಪುಟ್ ಶಾಫ್ಟಿನ ಸೀಲ್ ಹೋಗಿರಬಹುದು. ನನ್ನ ಬೆರಳಿಗೆ ಹತ್ತಿದ್ದು ಕಪ್ಪು ಆಯಿಲ್.

ಅಷ್ಟಕ್ಕೇ ಸೀಲ್ ಅಂತ ತೀರ್ಮಾನ ಮಾಡೋಕಾಗಲ್ಲ. ಇಂಜಿನ್ನಿನ ತಲೆ ಮೇಲಿನ ರಾಕರ್ ಕವರಿನ ಪ್ಯಾಕಿಂಗ್ ಸೋರಿದರೂ ಆಯಿಲ್ ಇಂಜಿನ್ನಿನ ಬೆನ್ನ ಮೇಲೆ ಇಳಿದು ಅದೇ ಜಾಗಕ್ಕೆ ಬರುತ್ತೆ. ಡೀಸೆಲ್‌ನಲ್ಲಿ ಎಲ್ಲ ತೊಳೆದು, ಬಟ್ಟೆಯಲ್ಲಿ ಒಣಗಿಸಿ, ಹಿಂದಿನ ಭಾಗಕ್ಕೆಲ್ಲ ಟಾಲ್ಕಂ ಪೌಡರ್ ಉದುರಿಸಿ ಇಂಜಿನ್ ಬಿಸಿಯಾಗೋವರೆಗೂ ಓಡಿಸಿದೆ. ಮೇಲಿನ ಪೌಡರ್ ಹಾಗೇ ಬೆಳ್ಳಗೆ ಉಳಿಯಿತು, ಕೆಳಗೆ ತೂತಿನ ಬಾಯಿ ಮಾತ್ರ ಮತ್ತೆ ಒದ್ದೆಯಾಯಿತು, ಅಂದರೆ ಆಯಿಲ್ ಮೇಲಿನಿಂದ ಇಳಿದದ್ದಲ್ಲ.

ಇನ್ನೊಂದು ಜಾಗವನ್ನು ಜಾಸ್ತಿ ಜನ ನೋಡೋದೇ ಇಲ್ಲ, ಇಂಜಿನ್ ಒಳಗಿನ ಗಾಳಿ ಹೊರಗೆ ಬಿಡೋ ಬ್ರೀದರ್. ಅದು ಜಿಡ್ಡು ಕಟ್ಟಿ ಮುಚ್ಚಿದರೆ ಕ್ರ್ಯಾಂಕ್ ಕೂತಿರೋ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಏರಿ ಒಳ್ಳೇ ಸೀಲ್ ಕೂಡ ಸೋರುತ್ತೆ, ಹೊಸದು ಹಾಕಿದರೂ ಅದೇ ಪಾಡು. ನಮ್ಮದರಲ್ಲಿ ಮುಚ್ಚೇ ಇತ್ತು. ಬಿಡಿಸಿ ತೊಳೆದ ಮೇಲೆ ಹನಿ ಕಡಿಮೆಯಾಯಿತು, ನಿಲ್ಲಲಿಲ್ಲ. ಆಗಲೇ ಗಾಡಿ ಬಿಚ್ಚಿದ್ದು.

ಬಿಚ್ಚುವಾಗ ಮುಂದಿನ ಆಕ್ಸಲ್ಲಿಗೂ ಅದರ ಮೇಲಿನ ಫ್ರೇಮಿಗೂ ನಡುವೆ ಎರಡೂ ಕಡೆ ಮರದ ಬೆಣೆ ಹೊಡೆಯಲೇಬೇಕು. ಆಕ್ಸಲ್ ನಡುವಿನ ಒಂದೇ ಪಿನ್ನಿನ ಮೇಲೆ ಆಡುತ್ತೆ, ಬೆಣೆ ಇಲ್ಲದಿದ್ದರೆ ಬೇರೆಯಾದ ಇಂಜಿನ್ ಪಕ್ಕಕ್ಕೆ ವಾಲಿ ಬೀಳುತ್ತೆ. ಇದರಲ್ಲಿ ಅವಸರ ಬೇಡ.

ಒಳಗೆ ಪ್ಲೇಟಿನ ಲೈನಿಂಗ್ ಆಯಿಲ್ ಕುಡಿದು ಕಪ್ಪಗೆ ಹೊಳೆಯುತ್ತಿತ್ತು. ಪೆಟ್ರೋಲಲ್ಲಿ ತೊಳೆದು ಹಾಕಿ ಅಂತಾರೆ, ನಾನು ಒಪ್ಪಲ್ಲ, ಬಿಸಿಯಾದಾಗ ಒಳಗಿನ ಆಯಿಲ್ ಮತ್ತೆ ಹೊರಗೆ ಬರುತ್ತೆ. ಹೊಸದೇ ಹಾಕಿದೆ. ಸೀಲ್ ಕೂರೋ ಜಾಗದಲ್ಲಿ ಕ್ರ್ಯಾಂಕ್ ಮೇಲೆ ಉಗುರಿಗೆ ಸಿಗೋವಷ್ಟು ಗೀರು ಬಿದ್ದಿತ್ತು. ಜಾಗ ಇದ್ದಿದ್ದರಿಂದ ಹೊಸ ಸೀಲನ್ನು ಕೂದಲೆಳೆ ಹಿಂದೆಮುಂದೆ ಕೂರಿಸಿ, ಅದರ ತುಟಿ ಸವೆಯದ ಜಾಗಕ್ಕೆ ಬರೋ ಹಾಗೆ ಮಾಡಿದೆ. ರಿಲೀಸ್ ಬೇರಿಂಗ್ ಕೈಯಲ್ಲಿ ತಿರುಗಿಸಿದರೆ ಗರಗರ ಅಂತಿತ್ತು, ಅದನ್ನೂ ಬದಲಿಸಿದೆ.

ಜೋಡಿಸಿದ ಮೇಲೆ ಪೆಡಲಿನ ಆಟ ಹೊಸದಾಗಿ ಸೆಟ್ ಮಾಡಬೇಕು. ಪ್ಲೇಟು ಸವೆದಷ್ಟೂ ಆ ಆಟ ಕಡಿಮೆಯಾಗುತ್ತೆ, ಅದಕ್ಕೇ ಸ್ವಲ್ಪ ಉಳುಮೆ ಆದಮೇಲೆ ಇನ್ನೊಂದು ಸಲ ಅಳೆದು ನೋಡಿ.