ಮನೆ ಮುಂದೆ ಬಕುಳ ಹಾಕೋದಾ, ನೈದಿಲೆ ಇಡೋದಾ?

ರಾಯಚೂರಿನಲ್ಲಿ ಹೊಸ ಮನೆ ಕಟ್ಟಿದವರು ಇದನ್ನು ಕೇಳುತ್ತಾ ಇರುತ್ತಾರೆ. ಜಾಗ ಇದ್ದರೆ ಮೊದಲು ಬಕುಳ ಹಾಕಿ. ವರ್ಷವಿಡೀ ಹಸಿರು, ಒಳ್ಳೆ ನೆರಳು. ಬೆಳೆಯೋದು ಮಾತ್ರ ನಿಧಾನ. ನಮ್ಮ ಎರೆಮಣ್ಣಿನಲ್ಲಿ ನೀರು ನಿಂತುಬಿಡುತ್ತದೆ, ಅದಕ್ಕೆ ಗುಂಡಿಗೆ ಮರಳು, ಗೊಬ್ಬರ ಬೆರೆಸಿ. ಮೊದಲ ಎರಡು ಮೂರು ಬೇಸಿಗೆ ನೀರು ಕೊಟ್ಟು ಕಾಪಾಡಿದರೆ ಸಾಕು, ಆಮೇಲೆ ಅದೇ ತಡೆದುಕೊಳ್ಳುತ್ತದೆ.

ಬಾಡಿಗೆ ಮನೆಯವರಿಗೆ ನೈದಿಲೆಯೇ ಸರಿ. ಒಂದೂವರೆ ಅಡಿ ಆಳದ ಟಬ್ ಸಾಕು. ಮರಕ್ಕೆ ತೊಂದರೆ ಕೊಡುವ ಅದೇ ಎರೆಮಣ್ಣು ಇದಕ್ಕೆ ಬಹಳ ಹಿಡಿಸುತ್ತದೆ! ಅಂಟುಮಣ್ಣು ಅಲ್ವಾ, ನೀರಿನಲ್ಲಿ ಬೇಗ ಕದಡುವುದಿಲ್ಲ. ಮೇಲೆ ಒಂದು ಪದರ ಮರಳು ಹಾಕಿ. ಏಪ್ರಿಲ್, ಮೇನಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ನೀರು ಬೇಗ ಇಳಿಯುತ್ತದೆ. ಆಗಾಗ ತುಂಬಿಸುತ್ತಿರಿ. ಸೊಳ್ಳೆ ಆಗದಂತೆ ನಾಲ್ಕೈದು ಗಪ್ಪಿ ಮೀನು ಬಿಡಿ. ಇದನ್ನು ಮರೆಯಲೇಬೇಡಿ, ಡೆಂಗ್ಯೂ ಸೊಳ್ಳೆ ಮೊಟ್ಟೆ ಇಡೋದು ನಿಂತ ನೀರಿನಲ್ಲೇ.

ಎರಡೂ ಬೇಕು ಅನ್ನುವವರು ಟಬ್ಬನ್ನು ಮರದ ಕೆಳಗೆ ಇಡಬೇಡಿ. ನೈದಿಲೆಗೆ ದಿನಕ್ಕೆ ಐದಾರು ತಾಸು ಬಿಸಿಲು ಬೇಕು, ನೆರಳಲ್ಲಿ ಬರೀ ಎಲೆ ಬರುತ್ತದೆ. ಬಿದ್ದ ಎಲೆ ಕೊಳೆತು ನೀರೂ ನಾರುತ್ತದೆ.