‘ಅಲ್ವಾ’ ಬಿಟ್ಟ ಮೇಲೆ ಮಗು ಮಾತಾಡಿತು

ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯ್ದೆ) ಕೇಸಿನಲ್ಲಿ ಹೇಳಿಕೆಗೆ ಮುಂಚೆ ನಾನು ಕಾಲು ಗಂಟೆ ಮಗುವಿನ ಜೊತೆ ಬಸ್ಸು, ತಿಂಡಿ ಅಂತ ಹರಟಿದರೆ ‘ಟೈಂ ವೇಸ್ಟು ಮೇಡಂ’ ಅನ್ನುತ್ತಿದ್ದ ವಕೀಲರೇ ಈಗ ಫೋನ್ ಮಾಡಿ ಕರೆಸಿಕೊಳ್ಳುತ್ತಾರೆ.

ಆ ಹೊತ್ತಿನಲ್ಲಿ ಕೇಸಿನ ಮಾತೇ ಎತ್ತಕೂಡದು. ಎತ್ತಿದರೆ ಪಾಟೀಸವಾಲಿನಲ್ಲಿ ‘ಆಂಟಿ ಹೇಳಿಕೊಟ್ಟರಾ?’ ಅನ್ನುವ ಪ್ರಶ್ನೆ ಖಂಡಿತ. ‘ನಿಂಗೆ ಎರಡು ವರ್ಷ ತಾನೇ?’ ಅಂತ ಬೇಕೆಂದೇ ತಪ್ಪು ಹೇಳುತ್ತೇನೆ. ‘ಅಲ್ಲ, ಏಳು!’ ಅಂದರೆ ಅರ್ಧ ಗೆದ್ದಂತೆ. ದೊಡ್ಡವರನ್ನು ತಿದ್ದಬಹುದು ಅಂತ ಅದಕ್ಕೆ ಗೊತ್ತಾಯಿತು. ಆಮೇಲೆ ಬೆಳಿಗ್ಗೆ ಎದ್ದಾಗಿನಿಂದ ಇಲ್ಲಿಗೆ ಬಂದ ಕಥೆ.

‘ಬಸ್ ಹತ್ತಿದ್ವಿ.’
‘ಹತ್ತಿ?’
‘ಅಜ್ಜಿಗೆ ಫ್ರೀ ಟಿಕೆಟ್.’
‘ಆಮೇಲೆ?’

ಅಷ್ಟು ಕೇಳಿ ಬಾಯಿ ಮುಚ್ಚಿಕೊಂಡಿರಬೇಕು. ಹತ್ತು ಸೆಕೆಂಡಿನ ಮೌನ ಕಷ್ಟವಾಗುವುದು ಹೆಚ್ಚಾಗಿ ನಮಗೇ. ಈ ರೂಢಿ ಬಿದ್ದ ಮಗು ಪಿಎಸ್‌ಐ ಮುಂದೆಯೂ ತಾನಾಗಿ ಹೇಳಿಕೊಂಡು ಹೋಗುತ್ತದೆ. ಅಮ್ಮನ ಸೆರಗು ಬಿಡಿಸುವ ಮೊದಲ ಎರಡು ನಿಮಿಷದ ಉಪಾಯ ಮಾತ್ರ ನನ್ನಲ್ಲೇ ಇರಲಿ.

ಶುರುವಿನಲ್ಲಿ ಕೆಟ್ಟದ್ದು ನನ್ನ ಬಾಯಿಂದಲೇ. ಬಸ್ಸಿನ ಕಥೆಯನ್ನು ರೆಕಾರ್ಡ್ ಮಾಡಿ ಕೇಳಿದರೆ ಮಾತು ಮಾತಿಗೂ ‘ಅಲ್ವಾ’, ಉತ್ತರವನ್ನು ನಾನೇ ಮಗುವಿನ ಬಾಯಿಗೆ ಇಟ್ಟಂತೆ. ಕೇಳಿದ್ದನ್ನೇ ಮತ್ತೆ ಕೇಳಿದಾಗ, ಮೊದಲ ಉತ್ತರ ತಪ್ಪಿರಬೇಕು ಅಂದುಕೊಂಡು ಮಗು ಉತ್ತರ ಬದಲಿಸುತ್ತಿತ್ತು. ‘ಯಾಕೆ’ ಅಂತ ಕೇಳಿದರೆ ಮಗುವಿಗೆ ಬೈದಂತೆ ಕೇಳಿಸುತ್ತದೆ. ಆ ರೆಕಾರ್ಡಿಂಗಿಗೂ ದುಡ್ಡು ದಂಡ ತೆತ್ತೆ: ಬೆಂಗಳೂರಿನ ಎಸ್‌.ಪಿ. ರೋಡಿನ ಮೊದಲ ಮೈಕು, ಎಂಟುನೂರೋ ಒಂಬೈನೂರೋ, ಫ್ಯಾನಿನ ಸದ್ದನ್ನಷ್ಟೇ ಹಿಡಿಯಿತು. ಎರಡೂವರೆ ಸಾವಿರದ ಕಾಲರ್ ಮೈಕ್ ಸರಿಹೋಯಿತು. ನಡೆದದ್ದನ್ನು ಮಗು ತೋರಿಸಲಿ ಅಂತ ಗೊಂಬೆಗಳಿಗೆ ಮೂರು ಸಾವಿರದಷ್ಟು ಸುರಿದದ್ದು ಶುದ್ಧ ನಷ್ಟ. ಸಣ್ಣ ಮಗು ಗೊಂಬೆ ಕಂಡರೆ ಆಡುತ್ತದೆ. ಆಟ ಯಾವುದು, ನೆನಪು ಯಾವುದು ಅಂತ ಬೇರ್ಪಡಿಸುವುದು ಯಾರಿಂದಲೂ ಆಗದು.

ಹೇಳಿಕೆ ಬರೆಯುವಾಗಲೂ ಎಡವಟ್ಟಾಗುತ್ತದೆ. ಮಗು ‘ಉಚ್ಚೆ ಜಾಗ’ ಅಂದರೆ ಠಾಣೆಯ ರೈಟರು ‘ಗುಪ್ತಾಂಗ’ ಅಂತ ಬರೆಯುತ್ತಾರೆ. ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲಿಗೆ ಬಂದ ಕಾನೂನು) 183ನೇ ಕಲಂ ಪ್ರಕಾರ ಮ್ಯಾಜಿಸ್ಟ್ರೇಟ್ ಮುಂದೆ ಮಗು ಮತ್ತೆ ತನ್ನದೇ ಮಾತು ಆಡುತ್ತದೆ, ಎರಡೂ ತಾಳೆಯಾಗುವುದಿಲ್ಲ. ಮಗು ಹೇಳಿದಂತೆಯೇ ಬರೆಯಬೇಕು ಅನ್ನುವುದು ಪೋಕ್ಸೊ ಕಾಯ್ದೆಯ 26ನೇ ಕಲಂನಲ್ಲೇ ಇದೆ. ಮನೆಯಲ್ಲಿ ತಮಿಳೋ ದಖನಿ ಉರ್ದುವೋ ಆಡುವ ಮಗುವಾದರೆ ಆ ಪದವನ್ನೇ ಕನ್ನಡ ಅಕ್ಷರದಲ್ಲಿ ಹಾಕಿಸಿ, ಪಕ್ಕದಲ್ಲಿ ಅರ್ಥ ಬರೆಸಿ.

ಅದೇ ಕಲಂ ಪ್ರಕಾರ ಅಪ್ಪ ಅಮ್ಮ ಅಥವಾ ಮಗು ನಂಬುವ ಯಾರಾದರೂ ಜೊತೆಗಿರಬೇಕು. ಆದರೆ ಪಕ್ಕದಲ್ಲಿ ಕೂತರೆ ಮಗು ಪ್ರತಿ ಉತ್ತರಕ್ಕೂ ಅವರ ಮುಖ ನೋಡುತ್ತದೆ. ಎದುರು, ಪಕ್ಕ, ಬಾಗಿಲ ಹತ್ತಿರ ಎಲ್ಲ ಕಡೆ ಕುರ್ಚಿ ಹಾಕಿ ನೋಡಿದೆ. ಈಗ ಮಗುವಿನ ಬೆನ್ನ ಹಿಂದೆ, ಎರಡಡಿ ದೂರದಲ್ಲಿ ಹಾಕುತ್ತೇನೆ. ಕೈ ಹಿಂದಕ್ಕೆ ಚಾಚಿದರೆ ಸೀರೆ ಸಿಗುತ್ತದೆ, ಮುಖ ಕಾಣುವುದಿಲ್ಲ.