ನಾನು ಕೊಟ್ಟ ಮಾತು ಸುಳ್ಳಾದ ಮೇಲೆ

"ಯಾರ ಕೆಲಸಕ್ಕೂ ತೊಂದರೆ ಇಲ್ಲ, ಧೈರ್ಯವಾಗಿರಿ." ನನ್ನ ತಂಡದ 14 ಜನರ ಮುಂದೆ ನಿಂತು ನಾನೇ ಹೇಳಿದ ಮಾತು ಇದು. ಐದು ವಾರ ಕಳೆಯುವಷ್ಟರಲ್ಲಿ ಅವರಲ್ಲಿ ಮೂವರನ್ನು ಕೆಲಸದಿಂದ ತೆಗೆದರು. ಮಾತು ಕೊಡುವಾಗ ಯಾರ ಹೆಸರೂ ನನಗೆ ಗೊತ್ತಿರಲಿಲ್ಲ, ನಿಜ. ಆದರೆ ಮೇಲಿನವರು ಏನೋ ಲೆಕ್ಕ ಹಾಕುತ್ತಿದ್ದಾರೆ ಅನ್ನೋದು ಗೊತ್ತಿತ್ತು. ಜನ ಹೆದರಬಾರದು ಅಂತ ಭರವಸೆ ಕೊಟ್ಟುಬಿಟ್ಟೆ.

ಆಮೇಲೆ ಜಗಳ, ಕೂಗಾಟ ಏನೂ ಆಗಲಿಲ್ಲ. ಆಗಿದ್ದರೆ ಒಳ್ಳೆಯದಿತ್ತು. ಮೀಟಿಂಗಿನಲ್ಲಿ "ಏನಾದರೂ ಕೇಳೋದಿದೆಯಾ?" ಅಂದರೆ ಎಲ್ಲರೂ ಲ್ಯಾಪ್‌ಟಾಪ್ ನೋಡುತ್ತಿದ್ದರು. ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ಮೊದಲು ಎದ್ದು ಬಂದು ಕೇಳುತ್ತಿದ್ದ ಸಣ್ಣ ಸಣ್ಣ ವಿಷಯವೂ ಮೇಲ್‌ನಲ್ಲಿ ಬರತೊಡಗಿತು. "ನೀವು ಹೇಳಿದ್ದನ್ನ ಒಂದು ಮೇಲ್ ಹಾಕಿ ಮೇಡಂ" ಅನ್ನೋದು ಎಲ್ಲರ ಬಾಯಲ್ಲೂ ಇತ್ತು. ವಾತಾವರಣ ಸರಿಹೋಗಲಿ ಅಂತ ಒಂದು ದಿನ ಎಲ್ಲರಿಗೂ ಆಟೋಟ ಇಟ್ಟೆ. ಅರ್ಧ ಜನ ಬಂದರು, ಬಂದವರೂ ಬೇಗ ಹೊರಟರು.

ತಂಡದ ಹಿರಿಯರೊಬ್ಬರನ್ನು ಕರೆದು ಕೂರಿಸಿ, ಏನಾಗಿದೆ ಹೇಳಿ ಅಂತ ಕೇಳಿದೆ. ಅವರು ಪೆನ್ನಿನ ಮುಚ್ಚಳ ತೆಗೆಯುತ್ತಾ ಹಾಕುತ್ತಾ ತುಂಬ ಹೊತ್ತು ಸುಮ್ಮನಿದ್ದರು. ಕೊನೆಗೆ ಹೇಳಿದರು: "ತೆಗೆದಿದ್ದಕ್ಕೆ ನಮಗೆ ನಿಮ್ಮ ಮೇಲೆ ಸಿಟ್ಟಿಲ್ಲ ಮೇಡಂ. ಅದು ನಿಮ್ಮ ಕೈಯಲ್ಲಿ ಇರಲಿಲ್ಲ. ಆದ್ರೆ ಆ ಮೂವರಲ್ಲಿ ಒಬ್ಬನಿಗೆ ಬೇರೆ ಕಡೆ ಕೆಲಸ ಸಿಕ್ಕಿತ್ತು. ನಿಮ್ಮ ಮಾತು ನಂಬಿ ಬೇಡ ಅಂದಿದ್ದ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಂಬಿಕೆಯ ಬಗ್ಗೆ ಮೇಯರ್, ಡೇವಿಸ್, ಸ್ಕೂರ್ಮನ್ ಎಂಬ ಮೂವರು ಸಂಶೋಧಕರು 1995ರಲ್ಲಿ ಬರೆದ ಒಂದು ಪ್ರಬಂಧವಿದೆ. ಒಬ್ಬರನ್ನು ನಂಬುವಾಗ ನಾವು ಮೂರು ವಿಷಯ ನೋಡುತ್ತೇವೆ ಅಂತಾರೆ ಅವರು. ಈ ಮನುಷ್ಯನಿಗೆ ಕೆಲಸ ಗೊತ್ತಾ, ನಮ್ಮ ಒಳ್ಳೆಯದು ಬೇಕಾ, ನಡೆ-ನುಡಿ ಒಂದೇನಾ. ಹಿಂದೆ ಯಾವಾಗಲೋ ಓದಿದ್ದು ಆಗ ಅರ್ಥ ಆಯಿತು. ನನ್ನ ವಿಷಯದಲ್ಲಿ ಮುರಿದಿದ್ದು ಮೂರನೆಯದು. ನಾನು ಆಟ ಆಡಿಸಿ ಎರಡನೆಯದಕ್ಕೆ ತೇಪೆ ಹಾಕುತ್ತಿದ್ದೆ.

ಮೊದಲು ಆ ಹುಡುಗನಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. "ಸರಿ ಮೇಡಂ" ಅಂದ, ಅಷ್ಟೇ. ಅದಕ್ಕಿಂತ ಜಾಸ್ತಿ ಹೇಳಬೇಕಾದ ಋಣ ಅವನಿಗಿರಲಿಲ್ಲ. ಪರಿಚಯದವರಿಗೆಲ್ಲ ಅವನ ಕೆಲಸದ ಬಗ್ಗೆ ಹೇಳಿದೆ. ಆಮೇಲೆ ತಂಡದ ಮುಂದೆ ನಿಂತೆ. ಏನು ಹೇಳಬೇಕು ಅಂತ ಹಿಂದಿನ ದಿನವೇ ಬರೆದುಕೊಂಡಿದ್ದೆ. ಅದರಲ್ಲಿ ಮೂರು ಕಡೆ "ಆದರೆ" ಅಂತ ಇತ್ತು, ಮೂರನ್ನೂ ಹೊಡೆದುಹಾಕಿದೆ. "ಆದರೆ" ಬಂದ ಕೂಡಲೇ ಕ್ಷಮೆ ಹೋಗಿ ಸಮಜಾಯಿಷಿ ಶುರುವಾಗುತ್ತೆ, ಅಲ್ವಾ? ನನಗೆ ಗೊತ್ತಿಲ್ಲದ ವಿಷಯಕ್ಕೆ ಮಾತು ಕೊಟ್ಟೆ, ಅದು ತಪ್ಪು, ಇನ್ನು ಮುಂದೆ ನನ್ನ ಕೈಯಲ್ಲಿಲ್ಲದ್ದಕ್ಕೆ ಮಾತು ಕೊಡಲ್ಲ ಅಂದೆ. ಯಾರೂ ಏನೂ ಹೇಳಲಿಲ್ಲ. ನಂಬಿ ಅಂತ ನಾನೂ ಕೇಳಲಿಲ್ಲ.

ನಿಜವಾದ ಕೆಲಸ ಶುರುವಾಗಿದ್ದು ಅಲ್ಲಿಂದ. ಗೋಡೆಯ ಬೋರ್ಡ್ ಮೇಲೆ ನಾನು ಒಪ್ಪಿಕೊಂಡಿದ್ದನ್ನೆಲ್ಲ ತಾರೀಖು ಹಾಕಿ ಬರೆಯತೊಡಗಿದೆ. ರಜೆ ಕೇಳಿದರೆ 2 ದಿನದೊಳಗೆ ಉತ್ತರ. ಪಾಳಿಯ ಪಟ್ಟಿ ಎರಡು ವಾರ ಮುಂಚೆ. ಒಬ್ಬರ ಮುರಿದ ಕುರ್ಚಿ ಇಂಥ ದಿನದೊಳಗೆ ಬದಲು. ಎಲ್ಲ ಸಣ್ಣವೇ. ದೊಡ್ಡ ಮಾತು ಕೊಡುವ ಯೋಗ್ಯತೆ ನನಗೆ ಆಗ ಇರಲಿಲ್ಲ. ಒಂದು ಸಲ ಪಾಳಿಯ ಪಟ್ಟಿ ತಡವಾಯಿತು. ಬೆಳಗ್ಗೆ ಬಂದು ನೋಡಿದರೆ ಯಾರೋ ಕೆಂಪು ಅಕ್ಷರದಲ್ಲಿ "2 ದಿನ ತಡ" ಅಂತ ಬರೆದಿದ್ದರು. ನನಗೆ ಖುಷಿಯಾಯಿತು. ಅದನ್ನು ಅಳಿಸದೆ ಹಾಗೇ ಬಿಟ್ಟೆ.

ಎಲ್ಲಕ್ಕಿಂತ ಕಷ್ಟವಾಗಿದ್ದು "ನನಗೆ ಗೊತ್ತು, ಆದರೆ ಹೇಳುವ ಹಾಗಿಲ್ಲ" ಅನ್ನುವ ಉತ್ತರ. ಅದರ ಬದಲು "ಗೊತ್ತಿಲ್ಲ" ಅನ್ನೋದು ಸುಲಭ, ಅಭ್ಯಾಸವೂ ಆಗಿತ್ತು. ಮೂರು ತಿಂಗಳ ಮೇಲೆ ಒಬ್ಬರು ನೇರವಾಗಿಯೇ ಕೇಳಿದರು, ನಮ್ಮ ಪ್ರಾಜೆಕ್ಟ್ ನಿಲ್ಲಿಸ್ತಾರಂತೆ, ಹೌದಾ ಅಂತ. "ಆ ಮಾತು ನಡೀತಿರೋದು ನಿಜ. ಇದಕ್ಕಿಂತ ಜಾಸ್ತಿ ಈಗ ಹೇಳುವ ಹಾಗಿಲ್ಲ. ಶುಕ್ರವಾರ 4 ಗಂಟೆಗೆ ಬಂದು ಹೇಳ್ತೀನಿ" ಅಂದೆ. ಶುಕ್ರವಾರ ಬಂತು, ಮೇಲಿನಿಂದ ತೀರ್ಮಾನ ಬರಲಿಲ್ಲ. ಹೇಳಲು ಏನೂ ಇಲ್ಲ, ಸೋಮವಾರ ನೋಡೋಣ ಅಂತ ಒಂದು ಕ್ಷಣ ಅನ್ನಿಸಿತು. ಆದರೂ 4 ಗಂಟೆಗೆ ಹೋಗಿ, "ಇನ್ನೂ ತೀರ್ಮಾನ ಆಗಿಲ್ಲ, ಬುಧವಾರ ಮತ್ತೆ ಬರ್ತೀನಿ" ಅಂದೆ. ಎರಡು ನಿಮಿಷದ ಕೆಲಸ. ಕ್ಷಮೆ ಕೇಳಿದ ದಿನ ಆಗದಿದ್ದದ್ದು ಅವತ್ತು ಆಯಿತು. ಹೊರಡುವಾಗ ಒಬ್ಬರು ಹಿಂದೆಯೇ ಬಂದು ಇನ್ನೊಂದು ಪ್ರಶ್ನೆ ಕೇಳಿದರು. ಬಾಯಲ್ಲೇ, ಮೇಲ್‌ನಲ್ಲಿ ಅಲ್ಲ.

ಆರು ತಿಂಗಳು ಕಳೆಯುವಾಗ ಇಲ್ಲಿ ತಪ್ಪಾಗಿದೆ ಅಂತ ನಮ್ಮ ತಂಡದವರೇ ಹೇಳುವ ದೂರುಗಳು ಜಾಸ್ತಿಯಾದವು. ನಿಮ್ಮಲ್ಲೇ ಯಾಕೆ ಇಷ್ಟು ತಪ್ಪು ಅಂತ ನನ್ನ ಮೇಲಧಿಕಾರಿ ಕೇಳಿದರು. ನಾನು ಅವರಿಗೆ ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ ಆಸ್ಪತ್ರೆಗಳಲ್ಲಿ ಮಾಡಿ 1996ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಹೇಳಿದೆ. ಔಷಧಿ ಕೊಡುವುದರಲ್ಲಿ ಆಗುವ ತಪ್ಪುಗಳು ಒಳ್ಳೆಯ ತಂಡಗಳಲ್ಲೇ ಹೆಚ್ಚು ದಾಖಲಾಗಿದ್ದವು. ಅಲ್ಲಿನವರು ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು ಅನ್ನುವುದು ಅವರು ಕಂಡುಕೊಂಡ ಕಾರಣ. ನಮ್ಮ ತಪ್ಪುಗಳು ಮುಂಚೆಯೂ ಇದ್ದವು ಸರ್, ಈಗ ನಮ್ಮ ಕಿವಿಗೆ ಬೀಳ್ತಿವೆ ಅಂದೆ. ಅವರು ಪೂರ್ತಿ ಒಪ್ಪಿದಂತೆ ಕಾಣಲಿಲ್ಲ.

ಎಲ್ಲರೂ ಮೊದಲಿನಂತಾಗಲಿಲ್ಲ. ಇಬ್ಬರು ಕೆಲಸ ಬಿಟ್ಟರು, ಅವರಲ್ಲಿ ಒಬ್ಬರು ನನ್ನಿಂದಾಗಿಯೇ ಅಂತ ಹೇಳಿ ಹೋದರು. ಪೆನ್ನಿನ ಮುಚ್ಚಳದ ಆ ಹಿರಿಯರು ಇದ್ದಾರೆ. ಈಗ ನನ್ನ ಜೊತೆ ನಗುತ್ತಾ ಮಾತಾಡುತ್ತಾರೆ. ಆದರೂ ಮುಖ್ಯವಾದ ವಿಷಯ ಬಂದರೆ ಮೇಲ್ ಬೇಕೇ ಬೇಕು ಅವರಿಗೆ. ಅವರು ಕೇಳುವ ಮುಂಚೆಯೇ ನಾನು ಹಾಕಿರುತ್ತೇನೆ.